ಒಣಗಿದ ನಾಲಿಗೆ

ನಲವತ್ತಾರು ವರ್ಷ ತುಂಬಿದರೂ ಫರ್ರಾಜನಿಗೆ ತನ್ನ ಒಳಗಿನದೆಂದು ಗೊತ್ತಿದ್ದದ್ದು ಎರಡೇ, ಹಸಿವು ಮತ್ತು ಸಿಟ್ಟು. ಹೊಟ್ಟೆ ತುಂಬಿದ ಮೇಲೂ ಒಳಗೇನಾದರೂ ಕದಲಿದರೆ ಅದು ಸಿಟ್ಟೇ ಸೈ. ಅಪ್ಪ ಸತ್ತ ದಿನ ಗುಂಡಿ ಒಂದು ಗೇಣು ಆಳ ಕಡಿಮೆಯಾಯಿತೆಂದು ತೋಡುವವರ ಮೇಲೆ ಎಗರಾಡಿ, ಸಲಿಕೆ ಕಿತ್ತುಕೊಂಡು ಎದೆಮಟ್ಟ ತಾನೇ ಅಗೆದಿದ್ದ. ಹಿರಿಮಗಳನ್ನು ಮದುವೆ ಮಾಡಿ ಕಳಿಸಿದ ದಿನ ಗುಡಾರದ ಗೂಟ ಸಡಿಲವಾಗಿದೆ ಎಂದು ಕಲ್ಲು ತೆಗೆದುಕೊಂಡು ಬಡಿದೂ ಬಡಿದೂ ಗೂಟವನ್ನೇ ಸೀಳಿದ್ದ. ಜನ ನಗುತ್ತಿದ್ದರು. ಅವನ ಸಿಟ್ಟು ಮಳೆಗಾಲದ ಹಳ್ಳದ ಹಾಗೆ, ಬಂದಾಗ ದಡದಲ್ಲಿ ನಿಲ್ಲಬಾರದು, ಹೋದ ಮೇಲೆ ನೆಲ ನೋಡಿದರೆ ಒದ್ದೆ ಕೂಡ ಇರುವುದಿಲ್ಲ ಎನ್ನುತ್ತಿದ್ದರು.

ಆ ಸಿಟ್ಟೇ ಈ ಸಲ ಅವನ ಕುತ್ತಿಗೆಗೆ ಬಂತು.

ಅಣ್ಣ ಹುಮೈದನಿಗೆ ಸಮ್ಹಾ ಎಂಬ ಒಂಟೆಯಿತ್ತು. ತಿಳಿಬಣ್ಣದ, ಉದ್ದ ರೆಪ್ಪೆಯ ಹೆಣ್ಣೊಂಟೆ. ಒಂದು ಮಧ್ಯಾಹ್ನ ಬಾವಿಯ ಹತ್ತಿರ ನೀರಿನ ಸರದಿಗೆ ಅಣ್ಣತಮ್ಮಂದಿರಿಗೆ ಜಗಳವಾಯಿತು. ಜಗಳ ಹೊಸದೇನಲ್ಲ. ಒಂಬತ್ತು ವರ್ಷದಿಂದ ಹಗ್ಗಕ್ಕೆ, ಮೇವಿಗೆ, ನೆರಳಿಗೆ, ಸಲಾಂ ಹೇಳಿದ್ದಕ್ಕೆ, ಹೇಳದೇ ಇದ್ದದ್ದಕ್ಕೆ ಜಗಳ ಆಡಿಕೊಂಡೇ ಬಂದವರು. ಆದರೆ ಅಂದು ಹನ್ನೆರಡು ಮನೆಯ ಜನ ನೋಡುತ್ತಿದ್ದಂತೆ ಫರ್ರಾಜ್ ಕೂಗಿದ: “ನಾಳೆ ಬೆಳಗಾಗಲಿ, ಇವಳ ಕಾಲು ಕಡಿದು ಹಾಕ್ತೀನಿ! ನೋಡ್ತಾ ಇರು!”

ಮರುದಿನ ಬೆಳಗ್ಗೆ ಸಮ್ಹಾ ಹುಮೈದನ ಗುಡಾರದ ಹಿಂದೆ ಬಿದ್ದಿದ್ದಳು. ಹಿಂಗಾಲಿನ ನರ ಕಡಿದಿತ್ತು. ಏಳಲಾರದ ಒಂಟೆಯನ್ನು ಇಟ್ಟುಕೊಳ್ಳುವಂತಿಲ್ಲ. ಹುಮೈದ್ ಬಿಸ್ಮಿಲ್ಲಾ ಹೇಳಿ ತನ್ನ ಕೈಯಾರೆ ಕತ್ತು ಕೊಯ್ದ. ಮಾಂಸ ಎಲ್ಲ ಮನೆಗೆ ಪಾಲಾಯಿತು. ವೈರಿಯ ಮನೆಗೂ ಪಾಲು ಕಳಿಸುವುದು ಪದ್ಧತಿಯಾದ್ದರಿಂದ ಫರ್ರಾಜನ ಗುಡಾರಕ್ಕೂ ಒಂದು ಪಾತ್ರೆ ಬಂತು. ಫರ್ರಾಜ್ ಅದನ್ನು ಒದ್ದ. ಮಾಂಸ ಮರಳಿಗೆ ಬಿತ್ತು.

ಅಷ್ಟು ಸಾಕಾಯಿತು. ಬಾಯಲ್ಲಿ ಹೇಳಿದ್ದ, ಹೇಳಿದ ಹಾಗೇ ಆಯಿತು, ಸತ್ತ ಪ್ರಾಣಿಯನ್ನು ನೋಡಲು ಬರಲಿಲ್ಲ, ಮಾಂಸ ಗಂಟಲಲ್ಲಿ ಇಳಿಯಲಿಲ್ಲ. ಇನ್ನೇನು ಬೇಕು? ಆದರೆ ಕಂಡವರು ಯಾರೂ ಇರಲಿಲ್ಲ. ಕುಲದ ಹಿರಿಯ ಮುಸಲ್ಲಮ್ ಗಡ್ಡ ನೀವಿಕೊಂಡು, “ಸಾಕ್ಷಿ ಇಲ್ಲದ ಕಡೆ ಬೆಂಕಿಯೇ ಸಾಕ್ಷಿ,” ಎಂದ.

“ಬೆಂಕಿಗೇ ಹೋಗೋಣ!” ಎಂದು ಫರ್ರಾಜ್ ತೊಡೆ ತಟ್ಟಿದ. “ಮೂರಲ್ಲ, ಮೂವತ್ತು ಸಲ ನೆಕ್ತೀನಿ. ನಾನು ಮುಟ್ಟಿಲ್ಲ ಅವಳನ್ನ!”

ಮುಟ್ಟಿರಲಿಲ್ಲ. ಅದು ನಿಜ.

ಬೆಂಕಿಯ ನ್ಯಾಯ ಆ ಮರುಭೂಮಿಯಲ್ಲಿ ಮಕ್ಕಳಿಗೂ ಗೊತ್ತು. ಕಾಫಿಬೀಜ ಹುರಿಯುವ ಉದ್ದ ಹಿಡಿಯ ಕಬ್ಬಿಣದ ಸೌಟನ್ನು ಕೆಂಡದಲ್ಲಿ ಕೆಂಪಗೆ ಕಾಯಿಸುತ್ತಾರೆ. ಆಪಾದನೆ ಹೊತ್ತವನು ಅದನ್ನು ಮೂರು ಸಲ ನೆಕ್ಕಬೇಕು. ತಪ್ಪಿಲ್ಲದವನ ನಾಲಿಗೆ ಒದ್ದೆಯಾಗಿರುತ್ತದೆ, ಬೆಂಕಿ ಜಾರಿಹೋಗುತ್ತದೆ. ತಪ್ಪಿತಸ್ಥನ ನಾಲಿಗೆ ಒಣಗಿರುತ್ತದೆ, ಹಿಡಿದುಕೊಳ್ಳುತ್ತದೆ. ಬೊಬ್ಬೆ ಎದ್ದರೆ ಮುಗಿಯಿತು. ಅವನ ಕೈಯ ಕಾಫಿಯನ್ನು ಯಾರೂ ಕುಡಿಯುವುದಿಲ್ಲ, ಅವನ ಮಗನಿಗೆ ಯಾರೂ ಹೆಣ್ಣು ಕೊಡುವುದಿಲ್ಲ, ಬಾವಿಯಲ್ಲಿ ಅವನ ಸರದಿ ಎಲ್ಲರದ್ದೂ ಮುಗಿದ ಮೇಲೆ.

ತೊಡೆ ತಟ್ಟಿದ ಸಂಜೆಯಿಂದಲೇ ಫರ್ರಾಜನ ಬಾಯಿ ಒಣಗತೊಡಗಿತು.

ಮೊದಲು ಅವನು ಲಕ್ಷ್ಯ ಮಾಡಲಿಲ್ಲ. ಎರಡನೆಯ ದಿನ ರೊಟ್ಟಿ ಬಾಯಲ್ಲಿ ಮರಳಾಯಿತು. ಮೂರನೆಯ ದಿನ ನೀರು ಕುಡಿದರೆ ಗಂಟಲಲ್ಲಿ ಇಳಿಯುತ್ತಿತ್ತೇ ಹೊರತು ನಾಲಿಗೆಗೆ ಅಂಟುತ್ತಿರಲಿಲ್ಲ. ಹೆಂಡತಿ ನಫ್ಲಾ ಮೇಕೆಗೆ ಸೊಪ್ಪು ಹಾಕುತ್ತಾ ಓರೆಗಣ್ಣಿಂದ ನೋಡುತ್ತಿದ್ದವಳು ಕೊನೆಗೆ ಕೇಳಿಯೇಬಿಟ್ಟಳು.

“ಸಾಲಿಮನ ಅಪ್ಪಾ, ಒಂದು ಮಾತು ಕೇಳ್ತೀನಿ, ಕಲ್ಲು ಎತ್ಕೋಬೇಡ. ನಿಜ ಹೇಳು, ನೀನು ಕಡಿದೆಯಾ?”

“ಕಡಿದಿದ್ರೆ ಕಡಿದೆ ಅಂತಿದ್ದೆ ಕಣೇ! ನಾನು ಯಾವತ್ತು ಮುಚ್ಚಿಟ್ಟಿದೀನಿ?”

“ಮುಚ್ಚಿಡೋದಾ? ನೀನು ಸೀನಿದ್ರೆ ಮೂರು ಹಳ್ಳದ ಆಚೆ ಕೇಳುತ್ತೆ. ಮತ್ಯಾಕೆ ನಿನ್ನ ಬಾಯಿ ಹೀಗೆ ಹಳೇ ಚರ್ಮದ ಚೀಲದ ಹಾಗೆ ಆಗಿರೋದು?”

“ಸಿಟ್ಟಿಗೆ.”

“ಸಿಟ್ಟಿಗೆ,” ಎಂದು ನಫ್ಲಾ ಅಣಕಿಸಿದಳು. “ಹಲ್ಲು ನೋವಾದ್ರೂ ಸಿಟ್ಟು, ಹೊಟ್ಟೆ ಉಬ್ಬರಿಸಿದ್ರೂ ಸಿಟ್ಟು. ನಾಳೆ ಆ ನಾಲಿಗೆ ಬೆಂಕಿಗೆ ಇಡ್ತೀಯಲ್ಲ, ಬೆಂಕಿಗೇನು ಗೊತ್ತು ನೀನು ನಿರಪರಾಧಿ ಅಂತ? ಅದು ಒಣಗಿರೋದನ್ನ ನೋಡಿ ಕಚ್ಕೊಳ್ಳುತ್ತೆ.”

ಅವಳು ಗುಡಾರದೊಳಗೆ ಹೋಗಿ, ಮಜ್ಜಿಗೆಯನ್ನು ಉಪ್ಪು ಹಾಕಿ ಕಲ್ಲಿನಂತೆ ಒಣಗಿಸಿದ ಉಂಡೆಯ ಒಂದು ಚೂರು ಒಡೆದು ತಂದಳು. ಹುಣಿಸೆಗಿಂತ ಹುಳಿ. ನೆನೆದರೇ ಬಾಯಲ್ಲಿ ನೀರೂರಬೇಕು.

“ಇದನ್ನ ಕೆನ್ನೆ ಒಳಗೆ ಇಟ್ಕೊ. ಯಾರಿಗೂ ಕಾಣಲ್ಲ. ನೀನು ತಪ್ಪು ಮಾಡಿಲ್ಲ ಅಂದ ಮೇಲೆ ಇದು ಮೋಸ ಅಲ್ಲ, ಸಹಾಯ.”

ಫರ್ರಾಜ್ ಬೈದ. ಬೈದು, ಆ ಚೂರನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಮಾರನೆಯ ಬೆಳಗ್ಗೆ ಪಿಕಪ್ ಗಾಡಿ ಹೊರಟಿತು. ಮುಸಲ್ಲಮ್ ಚಾಲಕನ ಪಕ್ಕದಲ್ಲಿ ಕೂತ. ಅಣ್ಣತಮ್ಮಂದಿರನ್ನು ಹಿಂದೆ, ಮೇವಿನ ಮೂಟೆಗಳ ನಡುವೆ ಕೂರಿಸಿ, “ನೀನು ಪೂರ್ವ ನೋಡು, ನೀನು ಪಶ್ಚಿಮ ನೋಡು. ಬಾಯಿ ಬಿಟ್ಟವನನ್ನು ಅಲ್ಲೇ ಇಳಿಸಿಬಿಡ್ತೀನಿ, ನಡ್ಕೊಂಡು ಬರಲಿ,” ಎಂದು ಹೇಳಿದ್ದ. ನಾಲ್ಕು ತಾಸಿನ ದಾರಿ. ಫರ್ರಾಜ್ ಪಶ್ಚಿಮ ನೋಡುತ್ತಾ ಕೂತಿದ್ದ. ಗಾಡಿ ಕುಲುಕಿದಾಗಲೆಲ್ಲ ಅಣ್ಣನ ಬೆನ್ನು ತನ್ನ ಬೆನ್ನಿಗೆ ತಾಗುತ್ತಿತ್ತು. ಮೂಳೆ ಕೈಗೆ ಸಿಗುವಷ್ಟು ಬಡಕಲಾಗಿದ್ದಾನೆ ಎನ್ನಿಸಿತು. ಅದಕ್ಕೂ ಸಿಟ್ಟು ಬಂತು.

ಬೆಂಕಿಯ ನ್ಯಾಯ ನೋಡುವವನ ಹೆಸರು ಹಾಜಿ ಇಯಾದಾ. ತಾತನ ಕಾಲದಿಂದ ಆ ಮನೆಗೇ ಬಂದ ಕೆಲಸ. ಎಂಬತ್ತರ ಹತ್ತಿರದ ಸಣ್ಣ ಆಳು. ಕಣ್ಣಿಗೆ ಪೊರೆ ಬಂದು ಬಲಗಣ್ಣು ಹಾಲಿನ ಹಾಗಿತ್ತು. ಹೆದ್ದಾರಿಯ ಪಕ್ಕದ ಅಂಗಳದಲ್ಲಿ ಖರ್ಜೂರದ ಗರಿಯ ಚಪ್ಪರ, ಚಪ್ಪರದ ನಡುವೆ ಕೆಂಡದ ಕುಳಿ. ಸುತ್ತ ಚಾಪೆಯ ಮೇಲೆ ಬೇರೆ ಬೇರೆ ಕುಲದ ಹತ್ತಿಪ್ಪತ್ತು ಜನ ಆಗಲೇ ಕೂತಿದ್ದರು. ಅಲ್ಲಿ ಯಾವುದೂ ಗುಟ್ಟಾಗಿ ನಡೆಯುವುದಿಲ್ಲ. ನೋಡಿದವರೆಲ್ಲ ಸಾಕ್ಷಿ.

ಹಾಜಿ ಇಬ್ಬರ ಮಾತನ್ನೂ ಕೇಳಿದ. ಹುಮೈದ್ ಎದ್ದು ನಿಂತು ಹೇಳಿದ: “ಇವನು ನನ್ನ ತಮ್ಮ. ನನ್ನ ಒಂಟೆಯ ಕಾಲು ಕಡಿದಿದ್ದಾನೆ ಅಂತ ನಾನು ಹೇಳ್ತೀನಿ. ಸುಳ್ಳಾದ್ರೆ ಬಾವಿ ಹತ್ರ, ಇವನು ತಪ್ಪಿಲ್ಲದವನು ಅಂತ ಇವನ ಹೆಸರಿಗೆ ಬಿಳಿ ಬಾವುಟ ಕಟ್ಟಿ, ನನ್ನ ಮಾತು ನಾನೇ ನುಂಗ್ತೀನಿ.”

ಫರ್ರಾಜ್ ಹೇಳಿದ: “ನಾನು ಕಡಿದಿಲ್ಲ. ಕಾಯಿಸಿ ನಿಮ್ಮ ಸೌಟು.”

ಸೌಟು ಕೆಂಡದೊಳಗೆ ಹೋಯಿತು. ಕಬ್ಬಿಣ ಮೊದಲು ಕಪ್ಪಗೆ, ಆಮೇಲೆ ನೇರಳೆಯಾಗಿ, ಆಮೇಲೆ ಹಣ್ಣಾದ ದಾಳಿಂಬೆಯ ಬಣ್ಣಕ್ಕೆ ಬಂತು. ಫರ್ರಾಜನ ಕಣ್ಣು ಆ ಬಣ್ಣದಿಂದ ಕದಲಲಿಲ್ಲ. ಇಷ್ಟು ಚಂದದ ವಸ್ತುವನ್ನು ತಾನು ಯಾವತ್ತೂ ನೋಡಿರಲಿಲ್ಲ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ ಮರುಗಳಿಗೆಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಅವನು ಗಡ್ಡ ಒರೆಸುವವನ ಹಾಗೆ ಕೈ ಎತ್ತಿ, ಜೇಬಿನ ಚೂರನ್ನು ಕೆನ್ನೆಯೊಳಗೆ ಸೇರಿಸಿದ.

“ಬಾ ಮಗಾ. ಮೊದಲು ನಾಲಿಗೆ ಎಲ್ಲರಿಗೂ ತೋರಿಸು,” ಎಂದ ಹಾಜಿ.

ಫರ್ರಾಜ್ ನಾಲಿಗೆ ಚಾಚಿದ. ಹಾಜಿ ಒಳ್ಳೆಯ ಕಣ್ಣನ್ನು ಹತ್ತಿರ ತಂದ. ಮೂಗನ್ನೂ ಹತ್ತಿರ ತಂದ. ಆಮೇಲೆ ಎರಡು ಬೆರಳನ್ನು ಅವನ ಕೆನ್ನೆಯೊಳಗೆ ಹಾಕಿ, ಮಗುವಿನ ಬಾಯಿಂದ ಬೆಣಚುಕಲ್ಲು ತೆಗೆಯುವ ತಾಯಿಯ ಹಾಗೆ, ಆ ಚೂರನ್ನು ಹೊರಗೆ ತೆಗೆದು ಅಂಗೈ ಮೇಲಿಟ್ಟ.

ಚಪ್ಪರದಲ್ಲೆಲ್ಲ ಒಟ್ಟಿಗೆ ಗದ್ದಲವೆದ್ದಿತು.

“ನೋಡಿ!” ಎಂದು ಹುಮೈದ್ ಕೂಗಿದ. ಅವನ ಧ್ವನಿ ಒಡೆಯಿತು. “ನೋಡಿ! ತಪ್ಪಿಲ್ಲದವನಿಗೆ ಇದು ಯಾಕೆ ಬೇಕು? ಅವಳು ಒದ್ದಾಡ್ತಿದ್ದಾಗ ಇವನು ಬಂದು ನೋಡಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಪಾತ್ರೆ ಒದ್ದ. ಈಗ ಬೆಂಕಿಗೂ ಮೋಸ ಮಾಡೋಕೆ ಬಂದಿದ್ದಾನೆ!”

“ಅಯ್ಯೋ ಅವಿವೇಕಿ,” ಎಂದು ಮುಸಲ್ಲಮ್ ತಲೆಗೆ ಕೈ ಹಚ್ಚಿಕೊಂಡ. “ಯಾರ ಬುದ್ಧಿ ಇದು? ನಿನ್ನ ತಲೆಯಲ್ಲಿ ಇಷ್ಟು ಇಲ್ಲ.”

ಫರ್ರಾಜನ ಕಿವಿ ಗುಯ್ಗುಟ್ಟಿತು. ಅಣ್ಣನ ಮೇಲೆ ಬೀಳಬೇಕು, ಕೆಂಡದ ಕುಳಿಯನ್ನೇ ಒದೆಯಬೇಕು. ಕಾಲು ಎತ್ತಿದ್ದ ಕೂಡ. ಆಗ ಹಾಜಿ ಇಯಾದಾ ಸೌಟನ್ನು ಕೆಂಡದಿಂದ ತೆಗೆದು ಮರಳಿಗೆ ಚುಚ್ಚಿದ. ಮರಳು ಸುಯ್ಯೆಂದಿತು. ಎಲ್ಲರೂ ಅತ್ತ ತಿರುಗಿದರು.

“ಕೂತ್ಕೊಳ್ಳಿ. ಬೆಂಕಿ ಕೇಳೋದು ಒಂದೇ ಪ್ರಶ್ನೆ, ಕಡಿದೆಯಾ ಇಲ್ವಾ ಅಂತ. ಬಾಯಲ್ಲಿ ಈ ಉಂಡೆ ಇದ್ರೆ ಉಂಡೆ ಉತ್ತರ ಹೇಳುತ್ತೆ. ಅದಕ್ಕೇ ತೆಗೆದೆ. ಆದ್ರೆ ಇನ್ನೂ ಏನೋ ಇದೆ ಇವನ ಒಳಗೆ. ಅದು ಇದ್ರೆ ಅದೇ ಉತ್ತರ ಹೇಳುತ್ತೆ. ಅದನ್ನೂ ತೆಗೀಬೇಕು.”

“ಅದೇನು ನ್ಯಾಯ ಹಾಜಿ?” ಎಂದ ಹುಮೈದ್. “ಕಳ್ಳನಿಗೆ ಬಾಯಿ ತೊಳೆದು ಕೊಡ್ತೀರಾ?”

“ನಲವತ್ತು ವರ್ಷದಿಂದ ನಾಲಿಗೆ ನೋಡ್ತಿದೀನಿ, ಮಗಾ. ಕಳ್ಳನ ನಾಲಿಗೆ ಹೇಗಿರುತ್ತೆ ನಂಗೊತ್ತು. ನೀನು ಕೂತು ಕೇಳು. ನಿನ್ನ ಕಿವಿ ನಾನು ಮುಚ್ಚಿಲ್ಲವಲ್ಲ.”

ಹಾಜಿ ಫರ್ರಾಜನನ್ನು ಎದುರಿಗೆ ಕೂರಿಸಿಕೊಂಡ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

“ಏನಿದೆ ಒಳಗೆ?”

“ಸಿಟ್ಟು.”

“ಸುಳ್ಳು.”

ಫರ್ರಾಜ್ ಬಾಯಿ ತೆರೆದ. ತನ್ನನ್ನು ಜನ ಕಳ್ಳ ಎಂದಿದ್ದರು, ಒರಟ, ಹುಚ್ಚ ಎಂದಿದ್ದರು. ನಿನಗೆ ಸಿಟ್ಟಿಲ್ಲ ಎಂದು ಹುಟ್ಟಿದಾಗಿನಿಂದ ಒಬ್ಬನೂ ಅಂದಿರಲಿಲ್ಲ.

“ಸಿಟ್ಟು ಬಂದವನ ಬಾಯಿ ನೋಡಿದೀಯಾ?” ಎಂದ ಹಾಜಿ. “ಮದವೇರಿದ ಗಂಡೊಂಟೆ ನೋಡಿದೀಯಲ್ಲ. ನೊರೆ ಬರುತ್ತೆ, ಎಂಜಲು ಹಾರುತ್ತೆ. ಸಿಟ್ಟು ನೀರಿರೋ ಪದಾರ್ಥ. ನಿನ್ನ ಬಾಯಿ ಮೂರು ವರ್ಷ ಮಳೆ ಕಾಣದ ಹಳ್ಳ. ಸಿಟ್ಟಿನ ಬಾಯಿ ಅಲ್ಲ ಇದು. ಇನ್ನೊಂದು ಸಲ ನೋಡು. ಒಳಗೆ ಏನಿದೆ?”

“ಹಾಗಾದ್ರೆ… ಹೆದರಿಕೆ ಇರ್ಬೇಕು,” ಎಂದ ಫರ್ರಾಜ್. ಜನರೆದುರು ಹಾಗೆ ಹೇಳಿದ್ದಕ್ಕೆ ಮುಖ ಬಿಸಿಯಾಯಿತು. ಆದರೆ ಯಾರೂ ನಗಲಿಲ್ಲ.

“ಯಾತರ ಹೆದರಿಕೆ? ಇದರದ್ದಾ?” ಹಾಜಿ ಸೌಟು ತೋರಿಸಿದ.

ಫರ್ರಾಜ್ ಸೌಟನ್ನು ನೋಡಿದ. ನಿಜವಾಗಿಯೂ ನೋಡಿದ. ಹುಡುಕಿದ. “ಅಲ್ಲ. ಅದು… ಚಂದ ಇದೆ.”

“ಚಂದವೇ. ಸರಿ, ಎಲ್ಲಿದೆ ಅದು? ಕೈಯಿಟ್ಟು ತೋರಿಸು.”

ಫರ್ರಾಜ್ ಹೊಟ್ಟೆಯ ಮೇಲೆ ಕೈಯಿಟ್ಟ. ಇಲ್ಲ. ತಲೆಗೆ ತಂದ, ಅಲ್ಲೂ ಇಲ್ಲ. ಕೈ ತಾನಾಗಿಯೇ ಗಂಟಲ ಕುಳಿಗೆ ಹೋಗಿ ನಿಂತಿತು. ಅಲ್ಲಿ ಏನೋ ಇತ್ತು. ನುಂಗಲಾಗದ, ಉಗಿಯಲಾಗದ, ಮುಷ್ಟಿಗಾತ್ರದ ಗಂಟು. ಅದು ಇಂದಿನದಲ್ಲ. ಯಾವಾಗಲಿಂದ ಇದೆಯೋ. ತನ್ನದೇ ಕುತ್ತಿಗೆಯಲ್ಲಿ ಇಷ್ಟು ದೊಡ್ಡದೊಂದು ವಸ್ತು ಹೊತ್ತುಕೊಂಡು ತಿರುಗುತ್ತಿದ್ದೆನೇ ಎಂದು ಅವನಿಗೆ ದಿಗಿಲೂ ಬೆರಗೂ ಒಟ್ಟಿಗೆ ಆಯಿತು.

“ಇಲ್ಲಿ,” ಎಂದ.

“ಬಿಡು ಹಾಗಿದ್ರೆ ಬೆಂಕಿಯ ವಿಷಯ. ಆ ಒಂಟೆಯ ವಿಷಯ ಹೇಳು. ನಿನಗೂ ಅದಕ್ಕೂ ಏನು?”

“ಏನೂ ಇಲ್ಲ. ಅವನ ಒಂಟೆ.”

“ಯಾವಾಗಲೂ ಅವನದ್ದೇನಾ?”

ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಹಾಜಿ ಕಾಯುತ್ತಿದ್ದ. ಅವನಿಗೆ ಎಲ್ಲಿಗೂ ಹೋಗುವ ಅವಸರ ಇದ್ದಂತಿರಲಿಲ್ಲ.

“ಇಲ್ಲ,” ಎಂದ ಫರ್ರಾಜ್. “ಅಪ್ಪ ಇದ್ದಾಗ… ಅದರ ತಾಯಿ ಹೆರಿಗೆಯಲ್ಲಿ ಸತ್ತಿತ್ತು. ಹುಟ್ಟಿದ್ದು ನನ್ನ ಕೈಗೆ. ಮೂಗಲ್ಲಿ ಲೋಳೆ ಕಟ್ಟಿತ್ತು, ಬಾಯಿಟ್ಟು ಎಳೆದು ಉಗಿದೆ. ಮೇಕೆ ಹಾಲಲ್ಲಿ ಬಟ್ಟೆ ಅದ್ದಿ ಕುಡಿಸಿದೆ. ಬಟ್ಟೆ ಬೇಡ ಅಂತು. ಬೆರಳು ಕೊಟ್ಟೆ. ಈ ಎರಡು ಬೆರಳು.” ಅವನು ಬಲಗೈಯ ಎರಡು ಬೆರಳನ್ನು ಎತ್ತಿ ಹಿಡಿದು, ಅವು ಬೇರೆ ಯಾರದೋ ಎಂಬಂತೆ ನೋಡಿದ. “ಹಾಲು ಬೆರಳ ಮೇಲೆ ಇಳಿಸಿದ್ರೆ ಕುಡೀತಿತ್ತು. ಚಳಿಗೆ ನನ್ನ ಕಂಬಳಿಯಲ್ಲೇ ಮಲಗ್ತಿತ್ತು. ನಫ್ಲಾ ಬೈಯೋಳು, ನಿನಗೆ ಎರಡನೇ ಹೆಂಡತಿ ಬಂದ್ಲು ಅಂತ.”

ಯಾರೋ ಮೆಲ್ಲಗೆ ನಕ್ಕರು. ಫರ್ರಾಜನಿಗೂ ತುಟಿ ಅರಳಿತು. ಆದರೆ ಗಂಟಲ ಗಂಟು ಮಿಸುಕಿತು, ಬಸುರಿಯ ಹೊಟ್ಟೆಯಲ್ಲಿ ಕೂಸು ಮಿಸುಕುವ ಹಾಗೆ.

“ಅಪ್ಪ ಸತ್ತ ಮೇಲೆ ಪಾಲು ಮಾಡಿದ್ರು. ಚೀಟಿ ಎತ್ತೋ ಹಾಗೆ ಕಲ್ಲು ಎತ್ತಿದ್ವಿ. ಸಮ್ಹಾ ಇವನಿಗೆ ಹೋದಳು. ನಾನು ತಗೊಂಡು ಹೋಗು ಅಂದೆ. ಒಂಟೆ ಏನು, ಕತ್ತೆ ಏನು, ಮೇಕೆ ಏನು, ಎಲ್ಲ ಒಂದೇ ಅಂದೆ.”

“ಆಗ ಏನಾಯ್ತು ಒಳಗೆ?”

“ಸಿಟ್ಟು ಬಂತು. ಹಗ್ಗದ ವಿಷಯಕ್ಕೆ. ಅವಳನ್ನು ಕಟ್ಟಿದ್ದ ಹಗ್ಗ ನನ್ನದು, ಬಿಚ್ಚಿ ಕೊಟ್ಟು ಹೋಗು ಅಂತ ಜಗಳ ತೆಗೆದೆ.”

“ಆಮೇಲೆ?”

“ಆಮೇಲೆ… ಇವನ ಗುಡಾರದ ಕಡೆ ಹೋದಾಗೆಲ್ಲ ಏನಾದ್ರೂ ಒಂದಕ್ಕೆ…” ಫರ್ರಾಜ್ ನಿಲ್ಲಿಸಿದ.

ಅವನು ನಿಲ್ಲಿಸಿದ್ದು ಮಾತು ಸಿಗದೆ ಅಲ್ಲ. ಒಂಬತ್ತು ವರ್ಷದ ಜಗಳಗಳೆಲ್ಲ ಬಾವಿಗೆ ಬರುವ ಮಂದೆಯ ಹಾಗೆ ಒಂದರ ಹಿಂದೆ ಒಂದು ಸಾಲಾಗಿ ನಡೆದು ಬರುವುದು ಅವನಿಗೆ ಕಂಡಿತು. ಹಗ್ಗದ ಜಗಳ, ಮೇವಿನ ಜಗಳ, ನೆರಳಿನ ಜಗಳ. ಪ್ರತಿಯೊಂದರ ಬೆನ್ನ ಹಿಂದೆ ಅವಳು ನಿಂತಿದ್ದಳು, ಉದ್ದ ರೆಪ್ಪೆ ಬಡಿಯುತ್ತಾ. ಅವಳಿಲ್ಲದ ಒಂದೇ ಒಂದು ಜಗಳವೂ ಇರಲಿಲ್ಲ. ಅವನಿಗೆ ಮೈ ಜುಮ್ಮೆಂದಿತು. ಕತ್ತಲಲ್ಲಿ ಪರಿಚಯದ ದಾರಿ ಎಂದು ನಡೆದುಬಂದವನು ಬೆಳಕು ಹರಿದ ಮೇಲೆ ತಾನು ನಿಂತಿದ್ದದ್ದು ಬೆಟ್ಟದ ತುದಿಯಲ್ಲಿ ಎಂದು ಕಂಡ ಹಾಗೆ.

“ಬಾವಿ ಹತ್ರ ಅವತ್ತು ಏನಾಯ್ತು?” ಎಂದು ಹಾಜಿ ಕೇಳಿದ. ಧ್ವನಿ ಈಗ ಪಿಸುಮಾತಿನಷ್ಟಿತ್ತು.

“ಸರದಿ ಜಗಳ…” ಎಂದವನು ತಲೆಯಾಡಿಸಿದ. “ಅಲ್ಲ. ಸರದಿ ಅಲ್ಲ. ನಾನು ತೊಟ್ಟಿಗೆ ನೀರು ಸುರೀತಾ ಇದ್ದೆ. ಹಿಂದಿನಿಂದ ಬಂದ್ಲು. ಅಷ್ಟು ದೊಡ್ಡ ಒಂಟೆ, ನೀರು ಬಿಟ್ಟು… ನನ್ನ ಕೈ ಮೂಸಿದ್ಲು. ಈ ಬೆರಳು ಬಾಯಿಗೆ ಹಾಕ್ಕೊಂಡ್ಲು. ಹನ್ನೆರಡು ವರ್ಷದ ಒಂಟೆ! ಎಲ್ಲರೂ ನೋಡ್ತಿದ್ರು. ನನಗೆ ಏನಾಯ್ತೋ ಗೊತ್ತಾಗ್ಲಿಲ್ಲ. ಕಾಲು ಕಡೀತೀನಿ ಅಂತ ಕೂಗಿದೆ.”

ಅವನು ಕೈ ಕೆಳಗಿಳಿಸಿದ.

“ಹಾಜಿ, ಇದಕ್ಕೆ ಏನಂತಾರೆ? ನಾನು ಸಿಟ್ಟು ಅಂದ್ಕೊಂಡಿದ್ದೆ.”

“ಅದಕ್ಕೆ ನೀನೇ ಹೆಸರಿಡು. ನಿನ್ನ ಮನೆಯ ಕೂಸಿಗೆ ಊರವರು ಹೆಸರಿಡ್ತಾರಾ?”

ಫರ್ರಾಜ್ ಮರಳನ್ನು ನೋಡಿದ. “ಅವಳು ಬೇಕಾಗಿತ್ತು,” ಎಂದ. “ನನಗೆ ಅವಳು ಬೇಕಾಗಿತ್ತು. ಈಗ ಸತ್ತುಹೋದ್ಲು. ದುಃಖ. ನನಗೆ ದುಃಖ ಆಗಿದೆ.”

ಆ ಮಾತು ಬಾಯಿಂದ ಹೊರಬಿದ್ದದ್ದೇ ಗಂಟಲ ಗಂಟು ಬಿಚ್ಚಿತು. ಮೊದಲು ಮೂಗಲ್ಲಿ ನೀರು ಬಂತು. ಆಮೇಲೆ ಕಣ್ಣಲ್ಲಿ. ಅಪ್ಪನ ಗುಂಡಿಯ ಮುಂದೆ ಬರದದ್ದು, ಮಗಳ ಮೆರವಣಿಗೆಯ ಹಿಂದೆ ಬರದದ್ದು, ಎಲ್ಲ ಒಂದೇ ಹಾದಿಯಲ್ಲಿ ನುಗ್ಗಿ ಬಂದವು. ಅವನು ಅತ್ತ. ಬಾಯಿ ಮುಚ್ಚಲಾಗದೆ, ನಾಚಿಕೆಪಡಲೂ ಪುರುಸೊತ್ತಿಲ್ಲದೆ, ಜೊಲ್ಲು ಗಡ್ಡದ ಮೇಲೆ ಇಳಿಯುವ ಹಾಗೆ ಅತ್ತ. ಚಪ್ಪರದ ಕೆಳಗಿನ ಗಂಡಸರು ಹೊಳೆಗೆ ನೀರು ಬಂದಾಗ ನೋಡುವ ಹಾಗೆ ನೋಡುತ್ತಿದ್ದರು. ಒಬ್ಬ ಮುದುಕ ಅಲ್ಲಾನ ಹೆಸರು ಹೇಳಿದ. ಇನ್ನೊಬ್ಬ ತನ್ನ ಮುಖ ಆಚೆ ತಿರುಗಿಸಿ ಮುಂಡಾಸಿನ ತುದಿಯಿಂದ ಕಣ್ಣೊತ್ತಿಕೊಂಡ, ಹೊಗೆ ಎಂದ.

ಫರ್ರಾಜನಿಗೆ ಅಳುವಿನ ನಡುವೆಯೇ ಆಶ್ಚರ್ಯವೂ ಆಗುತ್ತಿತ್ತು. ಇಷ್ಟು ನೀರು ಎಲ್ಲಿತ್ತು? ಈ ಒಣಗಿದ ದೇಹದಲ್ಲಿ?

ಹಾಜಿ ಇಯಾದಾ ಸೌಟನ್ನು ಮತ್ತೆ ಕೆಂಡಕ್ಕೆ ತೂರಿಸಿದ್ದ. ಯಾವಾಗ ತೂರಿಸಿದನೋ ಯಾರೂ ನೋಡಿರಲಿಲ್ಲ. ಅದು ಈಗ ಮತ್ತೆ ದಾಳಿಂಬೆಯ ಬಣ್ಣದ್ದಾಗಿತ್ತು. ಹಾಜಿ ಬಟ್ಟಲಲ್ಲಿ ನೀರು ಕೊಟ್ಟ. ಫರ್ರಾಜ್ ಬಾಯಿ ಮುಕ್ಕಳಿಸಿ ಉಗಿದು, ಎಲ್ಲರಿಗೂ ನಾಲಿಗೆ ತೋರಿಸಿದ. ಕೆನ್ನೆಯನ್ನೂ ಬೆರಳಿಂದ ಅಗಲಿಸಿ ತೋರಿಸಿದ.

“ಈಗ ಬೆಂಕಿ ಕೇಳುತ್ತೆ,” ಎಂದ ಹಾಜಿ. “ಹುಮೈದನ ಒಂಟೆಯ ಕಾಲು ಕಡಿದವನು ನೀನಾ?”

“ಅಲ್ಲ.”

ಸೌಟಿನ ಬೆನ್ನು ಮುಖದ ಹತ್ತಿರ ಬಂತು. ಬಿಸಿ ಗಾಳಿ ರೆಪ್ಪೆಗೆ ಬಡಿಯಿತು. ಫರ್ರಾಜ್ ಹೆದರಿದ. ಇದು ಹೆದರಿಕೆ ಎಂದು ಅವನಿಗೆ ಗೊತ್ತಾಯಿತು. ಮಂಡಿಯಲ್ಲಿ ಇತ್ತು ಅದು, ತೆಳ್ಳಗೆ, ತಣ್ಣಗೆ. ಅದರ ಜಾಗದಲ್ಲೇ ಅದನ್ನು ಬಿಟ್ಟು, ಅವನು ನಾಲಿಗೆ ಚಾಚಿದ.

ಒಂದು. ಚುಂಯ್ ಎಂದಿತು.

ಎರಡು.

ಮೂರು.

ಮತ್ತೆ ಬಾಯಿ ಮುಕ್ಕಳಿಸಿ ಕೂತ. ಬೊಬ್ಬೆ ಏಳುವುದಿದ್ದರೆ ಅದಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಹುಮೈದ್ ಕುಕ್ಕರಗಾಲಲ್ಲಿ ಕೂತು ಮಂಡಿಗಳ ನಡುವೆ ತಲೆ ಇಳಿಬಿಟ್ಟಿದ್ದ. ಕೊನೆಗೆ ಹಾಜಿ ಫರ್ರಾಜನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ. ಒಳ್ಳೆಯ ಕಣ್ಣಿಂದ ನೋಡಿದ. ಮುಸಲ್ಲಮ್‌ನನ್ನು ಕರೆದು ತೋರಿಸಿದ. ಹುಮೈದನನ್ನೂ ಕರೆದ.

“ನೋಡು. ನೀನೂ ನೋಡು.”

ನಾಲಿಗೆ ಕರುವಿನ ನಾಲಿಗೆಯ ಹಾಗೆ ಗುಲಾಬಿಯಾಗಿ, ಒದ್ದೆಯಾಗಿ, ಹೊಳೆಯುತ್ತಿತ್ತು. ತುದಿಯಲ್ಲಿ ಬೂದಿಯ ಒಂದು ಗೆರೆ, ಅಷ್ಟೇ. ಹಾಜಿ ಹೆಬ್ಬೆರಳಿಂದ ಅದನ್ನು ಒರೆಸಿದ.

“ಇವನಲ್ಲ,” ಎಂದ.

ಚಪ್ಪರದ ಜನ ಎದ್ದು ಬಂದು ಫರ್ರಾಜನ ಭುಜ ತಟ್ಟಿದರು. ಅವನಿಗೆ ಅದು ಸರಿಯಾಗಿ ಗಮನಕ್ಕೆ ಬರಲಿಲ್ಲ. ಗಂಟಲ ಕುಳಿಯ ಮೇಲೆ ಕೈಯಿಟ್ಟುಕೊಂಡು, ನೋವು ಅಲ್ಲೇ ಇದೆಯೇ ಎಂದು ನೋಡಿಕೊಳ್ಳುತ್ತಿದ್ದ. ಇತ್ತು. ಆದರೆ ಈಗ ಅದಕ್ಕೆ ಮುಖವಿತ್ತು.

ಸಮ್ಹಾಳ ಕಾಲು ಕಡಿದವರು ಯಾರು ಎಂದು ಅಂದೂ ಗೊತ್ತಾಗಲಿಲ್ಲ, ಆಮೇಲೂ ಗೊತ್ತಾಗಲಿಲ್ಲ. ಬೆಂಕಿ ಕೇಳುವ ಪ್ರಶ್ನೆ ಅದಲ್ಲ.

ಹೊರಗೆ ಗಾಡಿ ಕಾಯುತ್ತಿತ್ತು. ಮುಸಲ್ಲಮ್ ಹತ್ತಿ ಕೂತಿದ್ದ. ಚಾಲಕ ಹಾರ್ನ್ ಹೊಡೆದು, “ಬರ್ತೀರೋ, ಇಲ್ಲೇ ಮನೆ ಕಟ್ತೀರೋ?” ಎಂದು ಕೂಗಿದ. ಹುಮೈದ್ ಗಾಡಿಗೆ ಹತ್ತದೆ ರಸ್ತೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಫರ್ರಾಜ್ ಹತ್ತಿರ ಹೋದ.

“ಬಾವುಟ ಕಟ್ತೀನಿ,” ಎಂದ ಹುಮೈದ್, ಮುಖ ತಿರುಗಿಸದೆ. “ನಾಳೆನೇ ಕಟ್ತೀನಿ. ಎಲ್ಲರ ಮುಂದೆ.”

“ಕಟ್ಟು.”

ಎರಡು ಲಾರಿ ಹೋದವು. ಅವುಗಳ ಧೂಳು ಇಳಿಯುವ ತನಕ ಇಬ್ಬರೂ ಕಣ್ಣು ಮುಚ್ಚಿ ನಿಂತರು.

“ಪಾಲಾಗಿ ನನ್ನ ಹತ್ರ ಬಂದ ಮೇಲೆ,” ಎಂದ ಹುಮೈದ್, “ಹನ್ನೊಂದು ದಿನ ಅವಳು ಮೇವು ಮುಟ್ಟಲಿಲ್ಲ. ನಿನಗೆ ಹೇಳಲಿಲ್ಲ ನಾನು. ಬೆಳಗ್ಗೆ ಎದ್ದು ನೋಡಿದ್ರೆ ನಿನ್ನ ಗುಡಾರದ ಕಡೆ ಮುಖ ಮಾಡ್ಕೊಂಡು ಕೂತಿರೋಳು. ನಾನು ತಿರುಗಿಸಿ ಕಟ್ತಿದ್ದೆ. ಮತ್ತೆ ತಿರುಗೋಳು. ಒಂಬತ್ತು ವರ್ಷ ಅವಳ ಮೈ ತೊಳೆದೆ, ಹುಳ ಆರಿಸಿದೆ. ನನ್ನ ಬೆರಳು ಒಂದು ದಿನವೂ ಬಾಯಿಗೆ ಹಾಕ್ಕೊಳ್ಳಲಿಲ್ಲ.” ಅವನು ಉಸಿರೆಳೆದುಕೊಂಡ. “ಅವತ್ತು ಬಾವಿ ಹತ್ರ ನಿನ್ನದು ಹಾಕ್ಕೊಂಡಿದ್ದನ್ನ ನಾನೂ ನೋಡಿದೆ. ನನಗೆ ಏನೋ ಆಯ್ತು. ನಿನ್ನನ್ನ ಬೆಂಕಿಗೆ ಎಳೀಬೇಕು ಅಂತ ಆಯ್ತು. ಅದು ಏನು ಅಂತ ನನಗೆ ಗೊತ್ತಿಲ್ಲ ಕಣೋ. ಸಿಟ್ಟು ಅಂತಾನೇ ಅಂದ್ಕೊಂಡೆ.”

ಫರ್ರಾಜ್ ಅಣ್ಣನನ್ನು ನೋಡಿದ. ಐವತ್ತು ದಾಟಿದ, ಬಿಳಿಗಡ್ಡದ, ಮೂಳೆ ಚುಚ್ಚುವ ಆ ಮನುಷ್ಯನೊಳಗೂ ತನ್ನ ಒಳಗಿದ್ದಂಥದೇ ಒಂದು ಆಳವಿದೆ, ಅದರ ಬಾಯಿಗೂ ಇಷ್ಟು ದಿನ ಕಲ್ಲು ಮುಚ್ಚಿತ್ತು ಎಂಬುದು ಅವನಿಗೆ ಹೊಳೆಯಿತು. ಹತ್ತಿರ ಸರಿದು ಹೇಳಿದ:

“ಅಣ್ಣಾ, ಬಾಯಿ ತೆಗಿ.”

“ಏನು?”

“ನಾಲಿಗೆ ಚಾಚು. ನೋಡ್ತೀನಿ.”

“ಹುಚ್ಚು ಹಿಡೀತಾ? ರಸ್ತೆಯಲ್ಲಿ?”

“ಚಾಚು ಅಂದ್ರೆ ಚಾಚು!”

ಗಾಡಿಯೊಳಗಿಂದ ಮುಸಲ್ಲಮ್ ಕತ್ತು ಹೊರಗೆ ಹಾಕಿ, “ಯಾ ಅಲ್ಲಾ, ಮತ್ತೆ ಶುರುವಾಯ್ತಾ?” ಎಂದ. ಹುಮೈದ್ ಆಚೀಚೆ ನೋಡಿದ. ಆಮೇಲೆ ಹೆದ್ದಾರಿಯ ಕಡೆ ಬೆನ್ನು ಹಾಕಿ, ಕಣ್ಣು ಮುಚ್ಚಿ, ತಮ್ಮನೆದುರು ಬಾಯಿ ತೆರೆದ. ಫರ್ರಾಜನಿಗೆ ಏನು ಹುಡುಕಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಆದರೂ ಅಣ್ಣನ ಗದ್ದ ಹಿಡಿದು, ಮುಖವನ್ನು ಮೆಲ್ಲಗೆ ಬಿಸಿಲಿಗೆ ತಿರುಗಿಸಿದ.